ಒಡೆದ ಗೆರೆ

ನಕ್ಷೆಯಪ್ಪನಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಈ ಸಂಗತಿ ಇಡೀ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ, ಇನ್ನೊಬ್ಬ ಸ್ವತಃ ನಕ್ಷೆಯಪ್ಪ. ಹೆಂಡತಿಗೆ ಅದು ಸದಾ ನೆನಪಿರುತ್ತಿತ್ತು. ನಕ್ಷೆಯಪ್ಪನಿಗೆ ಆಗಾಗ ಮರೆತುಹೋಗುತ್ತಿತ್ತು.

ನಿವೃತ್ತನಾಗುವವರೆಗೂ ಅವನು ಭೂಮಾಪನ ಕಚೇರಿಯ ನಕ್ಷೆ ಕೋಣೆಯಲ್ಲಿ ದುಡಿದವನು. ಅಲ್ಲಿ ಅವನ ಕೆಲಸ ನಕ್ಷೆ ಬರೆಯುವುದಲ್ಲ, ಓದುವುದೂ ಅಲ್ಲ, ಸುತ್ತಿಡುವುದು. ಅಧಿಕಾರಿಗಳು ಮೇಜಿನ ಮೇಲೆ ಹರಡಿ ಬಿಟ್ಟು ಹೋದ ನಕ್ಷೆಗಳನ್ನು ಸುಕ್ಕು ಬೀಳದಂತೆ ಸುತ್ತಿ, ದಾರ ಕಟ್ಟಿ, ತಗಡಿನ ಕೊಳವೆಯೊಳಗೆ ಇಳಿಸಿ ಮುಚ್ಚಳ ಹಾಕಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ, ಬೇಸಿಗೆಯಲ್ಲಿ ಗೆದ್ದಲು ಹತ್ತದ ಹಾಗೆ ಕಾಯಬೇಕು. ಅವನು ಅದನ್ನು ಎಷ್ಟು ನಿಷ್ಠೆಯಿಂದ ಮಾಡುತ್ತಿದ್ದನೆಂದರೆ, ಅವನು ಕಟ್ಟಿದ ದಾರ ಬಿಚ್ಚಲು ಹೋಗಿ ಉಗುರು ಮುರಿದುಕೊಳ್ಳದ ಅಧಿಕಾರಿ ಆ ಕಚೇರಿಯಲ್ಲಿ ಇರಲಿಲ್ಲ.

"ಆ ಕಚೇರಿಯ ಯಾವ ನಕ್ಷೇನೂ ನನ್ನ ಕೈ ದಾಟದೆ ಹೊರಗೆ ಹೋಗಿಲ್ಲ" ಎಂದು ಅವನು ಬೀದಿಯ ಜನಕ್ಕೆ ಹೇಳುತ್ತಿದ್ದ. ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಸುಳ್ಳು ಇದ್ದದ್ದು, ಹೇಳುವ ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ ರೀತಿಯಲ್ಲಿ. ಆ ಗಂಟಲಿನ ಸದ್ದು ಕೇಳಿಯೇ ಜನ ಅವನಿಗೆ ನಕ್ಷೆಯಪ್ಪ ಎಂದು ಹೆಸರಿಟ್ಟರು. ಅವನು ಬೇಡ ಅನ್ನಲಿಲ್ಲ.

ಅವನನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವನ ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ತಾನು ಶಾಲೆ ಬಿಟ್ಟು ಇವನನ್ನು ಶಾಲೆಗೆ ಕಳಿಸಿದಳು. ಇವನು ಓದಿದ್ದು ಹೆಚ್ಚೇನಲ್ಲವಾದರೂ, ತಾನು ಬಿಟ್ಟ ಓದೆಲ್ಲ ತಮ್ಮನ ತಲೆಯೊಳಗೆ ಹೋಗಿ ಸೇರಿದೆ ಎಂದೇ ಅವಳ ನಂಬಿಕೆ. "ನನ್ನ ತಮ್ಮ ನಕ್ಷೆ ಕಚೇರೀಲಿದ್ದವನು" ಎಂದು ಹಾಲಿನವನಿಗೂ ಹೇಳುತ್ತಿದ್ದಳು, ತರಕಾರಿಯವಳಿಗೂ ಹೇಳುತ್ತಿದ್ದಳು, ಅವರು ಬೇರೆ ಬೀದಿಗೆ ಹೋಗುವ ಅವಸರದಲ್ಲಿದ್ದರೆ ಹಿಂದಿನಿಂದ ಕೂಗಿಯೂ ಹೇಳುತ್ತಿದ್ದಳು.

ಅವಳ ಮನೆ ಅದೇ ಬೀದಿಯ ಕೊನೆಯಲ್ಲಿ, ತಮ್ಮನ ಮನೆಯ ಎದುರು ಸಾಲಿನಲ್ಲಿತ್ತು. ಎರಡು ಕೋಣೆ. ಗಾರೆ ಕೆಲಸದ ಭಾವ ರಜೆಯ ದಿನಗಳಲ್ಲಿ ಊರವರ ಮನೆ ಬಿಟ್ಟು ತನ್ನ ಮನೆ ಕಟ್ಟಿಕೊಂಡಿದ್ದ; ಅಕ್ಕ ಇಟ್ಟಿಗೆ ಎತ್ತಿಕೊಟ್ಟಿದ್ದಳು. ಭಾವ ಹೋದ ಮೇಲೆ ಅವಳೊಬ್ಬಳೇ. ಬೀದಿಗೆಲ್ಲ ಒಂದೇ ನಲ್ಲಿ, ಅದೂ ಇನ್ನೊಂದು ತುದಿಗೆ. ಬೆಳಿಗ್ಗೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಯಾರದಾದರೂ ಬಾಗಿಲಲ್ಲಿ ತಮ್ಮನ ಗುಣಗಾನ ಮಾಡಿ ಮುಂದೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ದಿನ ನಗರಸಭೆಯ ಆಳು ಬಂದು ಬೀದಿ ಮೂಲೆಯ ಹಲಗೆಯ ಮೇಲೆ ಒಂದು ದೊಡ್ಡ ನಕ್ಷೆ ಅಂಟಿಸಿ ಹೋದ. ಹಲಗೆ ಚಿಕ್ಕದು, ಕಾಗದ ದೊಡ್ಡದು. ಆ ಆಳು ತಲೆ ಕೆಡಿಸಿಕೊಳ್ಳಲಿಲ್ಲ. ಮಿಕ್ಕ ಕೆಳಭಾಗವನ್ನು ಹಿಂದಕ್ಕೆ ಮಡಿಸಿ ಹಲಗೆಗೂ ಗೋಡೆಗೂ ನಡುವೆ ತುರುಕಿ, ಕೈ ಒರೆಸಿಕೊಂಡು ಹೋದ.

ಮೊದಲು ನೋಡಿದವನು ದರ್ಜಿ. ಆಮೇಲೆ ಕ್ಷೌರದವನು, ಅರ್ಧ ಗಡ್ಡ ತೆಗೆಸಿಕೊಂಡಿದ್ದ ಅವನ ಗಿರಾಕಿ, ಇಸ್ತ್ರಿಯವಳು, ಹೀಗೆ ಜನ ಸೇರಿತು. ಮನೆಗಳು ಪುಟ್ಟ ಪುಟ್ಟ ಚೌಕಗಳಾಗಿ ಕಾಣುತ್ತಿದ್ದವು. ಅವುಗಳ ಒಂದು ಸಾಲಿನ ಅಂಚಿನ ಮೇಲೆ ಕೆಂಪು ಬಣ್ಣದ ತುಂಡು ತುಂಡು ಗೆರೆಯೊಂದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿತ್ತು.

"ನಾವ್ಯಾಕೆ ತಲೆ ಕೆರ್ಕೋಬೇಕು? ನಕ್ಷೆಯಪ್ಪನೋರನ್ನ ಕರೀರಿ" ಎಂದ ದರ್ಜಿ.

ನಕ್ಷೆಯಪ್ಪ ಬಂದ. ಜನ ದಾರಿ ಬಿಟ್ಟಿತು. ಇಷ್ಟು ವರ್ಷ ಯಾರೂ ಅವನಿಗೆ ಹೀಗೆ ದಾರಿ ಬಿಟ್ಟಿರಲಿಲ್ಲ. 'ನನಗೆ ಗೊತ್ತಾಗುತ್ತಿಲ್ಲ' ಎಂಬ ಎರಡು ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ನಿಜ. ಆದರೆ ಅಷ್ಟರಲ್ಲಿ ಜನದ ಹಿಂದೆ ಕೊಡ ಇಳಿಸಿ ನಿಂತಿದ್ದ ಅಕ್ಕ "ಜಾಗ ಬಿಡ್ರಪ್ಪಾ, ಅವನಿಗೆ ಬೆಳಕು ಬೀಳಲಿ" ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ ಗಂಟಲು ತನ್ನಷ್ಟಕ್ಕೆ ತಾನೇ ಸರಿಯಾಯಿತು.

"ನೋಡಿ," ಎಂದ, "ನಕ್ಷೇಲಿ ಮೇಲೆ ಅಂದ್ರೆ ಉತ್ತರ. ಇದು ಶಾಲೆ ಮಕ್ಕಳಿಗೂ ಗೊತ್ತು. ಗೆರೆ ಇರೋದು ಮೇಲಿನ ಸಾಲಲ್ಲಿ. ಅಂದ್ರೆ ನಮ್ಮ ಬೀದಿಯ ಉತ್ತರದ ಸಾಲು."

ಉತ್ತರದ ಸಾಲಿನವನಾದ ದರ್ಜಿ ನಕ್ಷೆಯ ಕಡೆ ಬೆರಳು ಚಾಚಿದ. "ಮೂಲೇಲಿ ಒಂದು ಬಾಣ ಇದೆಯಲ್ಲ, ಅದೇನು?"

"ಅದು ಹಿಂದಿನ ಪುಟ ನೋಡಿ ಅಂತ. ಹಿಂದೆ ಗೋಡೆ ಇದೆ. ಬಿಡಿ."

"ಮತ್ತೆ ಈ ಗೆರೆ?" ಕ್ಷೌರದವನು ಕೇಳಿದ. ಅವನದೂ ಉತ್ತರದ ಸಾಲೇ.

"ತುಂಡಿಲ್ಲದ ಗೆರೆ ಅಂದ್ರೆ ಇರೋದು, ಉಳಿಯೋದು. ಇದು ಒಡೆದ ಗೆರೆ. ಒಡೆದ ಗೆರೆ ಅಂದ್ರೆ..." ಇಲ್ಲಿ ನಕ್ಷೆಯಪ್ಪ ಸ್ವಲ್ಪ ತಡೆದ. ಮುಂದೇನು ಹೇಳುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ; ಬಾಯಿಯೇ ಅವನನ್ನು ಬಿಟ್ಟು ಮುಂದೆ ಹೋಯಿತು. "ಒಡೆಯೋದು."

"ಏನನ್ನ ಒಡೆಯೋದು?"

"ಗೆರೆ ಕೆಳಗೆ ಏನಿದೆಯೋ ಅದನ್ನ. ರಸ್ತೆ ಅಗಲ ಮಾಡ್ತಾರೆ."

ಅರ್ಧ ಗಡ್ಡದವನು "ಎಷ್ಟು ಅಗಲ?" ಎಂದ. ನಕ್ಷೆಯಪ್ಪ ಕ್ಷೌರದವನ ಕಿವಿಯ ಮೇಲಿದ್ದ ಬೆಂಕಿಕಡ್ಡಿಯನ್ನು ತೆಗೆದುಕೊಂಡು ನಕ್ಷೆಯ ಮೇಲಿಟ್ಟ. ಒಂದು ಕಡ್ಡಿಗೆ ಸರಿಯಾಗಿ ಒಂದು ಚೌಕ ಬಂತು. "ಒಂದು ಕಡ್ಡಿಗೆ ಒಂದು ಮನೆ" ಎಂದು ತೀರ್ಪು ಕೊಟ್ಟ. ಅದು ಯಾವ ಲೆಕ್ಕ ಎಂದು ಯಾರೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಅವನ ಬೆರಳು ಗೆರೆಯ ಜೊತೆ ಓಡುತ್ತ ದರ್ಜಿ ಅಂಗಡಿ ದಾಟಿತು, ಕ್ಷೌರದಂಗಡಿ ದಾಟಿತು, ಇಸ್ತ್ರಿಯವಳ ಮನೆ ದಾಟಿ, ಕೊನೆಯ ಚೌಕದ ಮೇಲೆ ಹೋಗಿ ನಿಂತಿತು. ಆಗಲೇ ಅವನಿಗೆ ಅದು ಯಾರ ಮನೆಯೆಂದು ಹೊಳೆದದ್ದು. ಹಿಂತಿರುಗಿ ನೋಡಿದ. ಅಕ್ಕ ಕೊಡದ ಬಾಯಿಗೆ ಕೈ ಅಡ್ಡ ಹಿಡಿದು, ತಮ್ಮನನ್ನೇ ನೋಡುತ್ತಿದ್ದಳು.

"ಅದು ನಂದೇನೋ?"

"ಹೂಂ ಅಕ್ಕ."

"ನೀನೇ ನೋಡಿದೆಯಾ, ಸರಿಯಾಗಿ?"

"ನಾನೇ ನೋಡಿದೆ."

"ಹಾಗಾದ್ರೆ ಸರಿ" ಎಂದಳು. ಮಿಕ್ಕವರಿಗೆ ಆಮೇಲೂ ಒಂದಿಷ್ಟು ಅನುಮಾನ ಉಳಿಯಿತು. ಅವಳಿಗೆ ಉಳಿಯಲಿಲ್ಲ.

ಅನುಮಾನದವರೆಲ್ಲ ಸೇರಿ ನಗರಸಭೆಗೆ ಹೋಗುವುದೆಂದಾಯಿತು. ದರ್ಜಿ, ಕ್ಷೌರದವನು, ಅವರ ನಡುವೆ ನಕ್ಷೆಯಪ್ಪ. ಕಿಟಕಿಯ ಆಚೆ ಕುಳಿತಿದ್ದ ಗುಮಾಸ್ತ ಟೀ ಆರಿಸಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅಂದು ಅವನು ಸ್ವಲ್ಪ ಕೆಟ್ಟವನಾಗಿ, ಏನು ಎತ್ತ ಎಂದು ಗದರಿಸಿ ಕೇಳಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು.

"ಸಾರ್, ನಮ್ಮ ಬೀದೀಲಿ ನಕ್ಷೆ ಅಂಟಿಸಿದ್ದೀರಲ್ಲ, ಕೆಂಪು ಗೆರೆ..." ದರ್ಜಿ ಶುರುಮಾಡಿದ.

"ಓ, ನಿಮ್ಮ ಬೀದೀನಾ? ಈ ಸಲ ನಿಮ್ಮದೇ ಅದೃಷ್ಟ."

ಮೂವರೂ ಮುಖ ಮುಖ ನೋಡಿಕೊಂಡರು.

"ಎಲ್ಲಾ ಮನೆಗೂ ಬರ್ತಾರಾ ಸಾರ್?"

"ಗುರುತು ಹಾಕಿದ ಒಂದು ಮನೇನೂ ಬಿಡಲ್ಲ."

"ವಯಸ್ಸಾದ ಹೆಂಗಸರು, ಒಬ್ಬಂಟಿ ಇರೋರು, ಅಂಥೋರ ಮನೆ?"

"ಅವರದನ್ನೇ ಮೊದಲು ಮುಗಿಸಿ ಅಂತ ಮೇಲಿಂದ ಹೇಳಿದ್ದಾರೆ. ಪಾಪ, ಅವರಿಗೇ ಅಲ್ವಾ ಕಷ್ಟ ಜಾಸ್ತಿ?"

ಕ್ಷೌರದವನ ಕಣ್ಣಲ್ಲಿ ನೀರು ಬಂತು. "ನಮಗೆ ಬೇಡ ಅಂದ್ರೆ?"

ಗುಮಾಸ್ತ ಟೀ ಲೋಟ ಕೆಳಗಿಟ್ಟ. "ಬೇಡ ಅಂತೀರಾ? ಪಕ್ಕದ ಬೀದಿಯೋರು ನಮ್ಮ ಕಡೆಗೂ ಬನ್ನಿ, ನಮ್ಮ ಕಡೆಗೂ ಬನ್ನಿ ಅಂತ ಕಾಲು ಹಿಡೀತಿದ್ದಾರೆ! ಹಾರೆ ಗುದ್ದಲಿ ಎಲ್ಲಾ ತಯಾರಾಗಿವೆ. ಮಳೆ ನಿಂತ ಕೂಡಲೇ ಶುರು." ಆಮೇಲೆ ಅವನಿಗೇ ಏನೋ ಅನ್ನಿಸಿತು. "ಅಲ್ಲ, ನಿಮಗೆ ನಕ್ಷೆ ಅರ್ಥ ಆಗಿದೆ ತಾನೆ? ಇಲ್ಲದಿದ್ರೆ ಹೇಳಿ, ತೋರಿಸ್ತೀನಿ."

ದರ್ಜಿಯೂ ಕ್ಷೌರದವನೂ ತಿರುಗಿ ನಕ್ಷೆಯಪ್ಪನ ಮುಖ ನೋಡಿದರು.

"ಭೂಮಾಪನ ಕಚೇರೀಲಿದ್ದವನು ನಾನು" ಎಂದ ನಕ್ಷೆಯಪ್ಪ, ಗಂಟಲು ಸರಿಮಾಡಿಕೊಂಡು.

"ಹಾಗಾದ್ರೆ ನಾನು ಹೇಳೋದೇನಿದೆ!" ಎಂದು ಗುಮಾಸ್ತ ಲೋಟ ಎತ್ತಿಕೊಂಡ.

ಅಲ್ಲಿಂದ ಮುಂದೆ ಬೀದಿಗೆ ಬೀದಿಯೇ ತಲೆಕೆಳಗಾಯಿತು. ಕ್ಷೌರದವನು ಒಡೆಯುವ ಮೊದಲೇ ಕನ್ನಡಿ ಉಳಿಸಿಕೊಳ್ಳಬೇಕೆಂದು ಕಳಚಿ ಅತ್ತೆ ಮನೆಗೆ ಸಾಗಿಸಿದ. ತಲೆ ಏನಾಯಿತೆಂದು ಗಿರಾಕಿಗಳಿಗೆ ಮನೆಗೆ ಹೋದ ಮೇಲೆ ಹೆಂಡತಿಯ ಕೂಗಿನಿಂದ ತಿಳಿಯತೊಡಗಿತು. ದರ್ಜಿಯ ಮಾವ ಸುದ್ದಿ ಕೇಳಿ ಓಡಿ ಬಂದವನು, "ಹೆಂಚಾದ್ರೂ ಉಳಿಸ್ಕೋ ಮಾರಾಯ" ಎಂದು ತಾನೇ ಏಣಿ ಹತ್ತಿ ಹೆಂಚು ಇಳಿಸಿದ. ಮಾರನೆಯ ದಿನ ಜೋರು ಮಳೆ. ದರ್ಜಿಯ ಮನೆಯವರು ಛತ್ರಿ ಹಿಡಿದು ಊಟ ಮಾಡಿದರು. ಅವನ ಹೆಂಡತಿ ತನ್ನ ಅಪ್ಪನನ್ನು ಬೈಯಲಾರದೆ, ಛತ್ರಿಯ ಕೆಳಗಿನಿಂದಲೇ ಗಂಡನನ್ನು ಬೈದಳು.

ಈ ಗದ್ದಲದ ನಡುವೆ ನಕ್ಷೆಯಪ್ಪನ ಹೆಂಡತಿ ಒಂದೇ ಒಂದು ಸಲ ಕೇಳಿದಳು.

"ರೀ, ನಿಮಗೆ ನಿಜವಾಗ್ಲೂ ಗೊತ್ತಾ?"

"ಇಷ್ಟು ವರ್ಷ ಮತ್ತೆ ನಾನು ಮಾಡಿದ್ದೇನು?"

"ಸುತ್ತಿದ್ರಿ. ಒಂದಾದ್ರೂ ಬಿಚ್ಚಿ ನೋಡಿದ್ರಾ?"

"ಗುಮಾಸ್ತರೂ ಹಾಗೇ ಅಂದ್ರಲ್ಲ!" ಎಂದು ರೇಗಿದ. ಅವನು ರೇಗಿದ್ದನ್ನು ನೋಡಿ ಹೆಂಡತಿಗೆ ಹೆದರಿಕೆಯಾಯಿತು. ತಿಳಿದ ವಿಷಯಕ್ಕೆ ಅವನು ಯಾವತ್ತೂ ರೇಗಿದವನಲ್ಲ.

ಅಕ್ಕನ ಮನೆಯಲ್ಲಿ ಗದ್ದಲವೇನೂ ಇರಲಿಲ್ಲ. ಅವಳು ಪಾತ್ರೆಗಳನ್ನು ಒರೆಸಿ ಒರೆಸಿ ಗೋಣಿಯಲ್ಲಿ ತುಂಬುತ್ತಿದ್ದಳು. ಭಾವನ ತಮ್ಮನ ಮಗಳು ದೂರದ ಊರಿನಲ್ಲಿದ್ದಳು, ಬಂದಿರು ದೊಡ್ಡಮ್ಮ ಎಂದು ವರ್ಷಗಳಿಂದ ಕರೆಯುತ್ತಿದ್ದಳು. ಅಲ್ಲಿಗೆ ಹೋಗುತ್ತೇನೆಂದಳು.

"ನಮ್ಮನೇಲಿರು ಅಕ್ಕ. ಎದುರಿಗೇ ಇದೆಯಲ್ಲ."

"ಎದುರಿಗೇ ಇದೆ, ಅದಕ್ಕೇ ಬೇಡ ಕಣೋ. ನಿನ್ನ ಜಗಲೀಲಿ ಕೂತು ನನ್ನ ಮನೆ ಒಡೆಯೋದು ನೋಡು ಅಂತೀಯಾ?"

ಅವನು ಗೋಣಿಯ ಬಾಯಿ ಹಿಡಿದುಕೊಟ್ಟ.

ಬೇಕರಿಯವನು ಮನೆ ಕೇಳಿಕೊಂಡು ಬಂದ. ಒಡೆಯುವ ಮನೆ ತಗೊಂಡು ಏನು ಮಾಡ್ತೀಯ ಎಂದರೆ, ಒಡೆಯುವವರೆಗೆ ಹಿಟ್ಟಿನ ಮೂಟೆ ಇಡ್ತೀನಿ, ಆಮೇಲೆ ಬಾಗಿಲು ಕಿಟಕಿಯಾದರೂ ಸಿಗುತ್ತೆ ಎಂದ. ಬಾಗಿಲು ಕಿಟಕಿಯ ಬೆಲೆಗೆ ಮನೆ ಹೋಯಿತು. ಅಕ್ಕ ಹೆಬ್ಬೆಟ್ಟು ಒತ್ತಿದಳು, ನಕ್ಷೆಯಪ್ಪ ಸಾಕ್ಷಿ ಸಹಿ ಹಾಕಿದ. "ನನ್ನ ತಮ್ಮ ಮೊದಲೇ ಹೇಳಿದ್ದಕ್ಕೆ ಇಷ್ಟಾದ್ರೂ ಆಯ್ತು" ಎಂದು ಅವಳು ಬೇಕರಿಯವನಿಗೂ ಹೇಳಿದಳು.

ಬಸ್ ನಿಲ್ದಾಣದಲ್ಲಿ ಅವಳು ಕಿಟಕಿ ಪಕ್ಕ ಕುಳಿತು, ಅಳುತ್ತಿದ್ದ ತಮ್ಮನನ್ನೇ ಸಮಾಧಾನ ಮಾಡಿದಳು. "ಅಳಬೇಡ್ವೋ, ನೀನೇನು ಮನೆ ಒಡೆಯೋನಾ? ನೀನು ಓದಿ ಹೇಳಿದೋನು. ನೀನಿಲ್ದಿದ್ರೆ ಮಲಗಿದಲ್ಲೇ ಮೇಲೆ ಬೀಳ್ತಿತ್ತು." ಬಸ್ಸು ಹೊರಟಿತು. ನಕ್ಷೆಯಪ್ಪ ಕೈ ಬೀಸಿದ. ಅವಳು ಆಗಲೇ ಪಕ್ಕದ ಸೀಟಿನವಳ ಕಡೆ ತಿರುಗಿ, ಇವನತ್ತ ಬೆರಳು ಮಾಡಿ ಏನೋ ಹೇಳುತ್ತಿದ್ದಳು. ಏನು ಹೇಳುತ್ತಿದ್ದಾಳೆಂದು ಅವನಿಗೆ ಕೇಳದೆಯೇ ಗೊತ್ತಾಯಿತು.

ಮಳೆ ನಿಂತಿತು. ಒಂದು ಬೆಳಿಗ್ಗೆ ಲಾರಿ ಬಂತು, ಹಾರೆ ಗುದ್ದಲಿಯವರು ಇಳಿದರು. ಅವರ ಜೊತೆಗೆ ಚಿಕ್ಕ ವಯಸ್ಸಿನ ಇಂಜಿನಿಯರ್ ಒಬ್ಬಳು. ದರ್ಜಿ ಕೂಡಲೇ ತನ್ನ ಹೊಸ್ತಿಲ ಮೇಲೆ ಉದ್ದಕ್ಕೆ ಮಲಗಿದ. "ಮೊದಲು ನನ್ನನ್ನ ಒಡೀರಿ! ಆಮೇಲೆ ಮನೆ!"

"ಯಾಕ್ರೀ, ಹುಷಾರಿಲ್ವಾ?" ಎಂದಳು ಅವಳು. "ಸ್ವಲ್ಪ ಒಳಗೆ ಮಲಗಿ, ಧೂಳು ಬರುತ್ತೆ. ನಾವು ಅಗೆಯೋದು ಆ ಕಡೆ."

ಹೇಳಿ ಅವಳು ತೋರಿಸಿದ್ದು ನಕ್ಷೆಯಪ್ಪನ ಮನೆಯ ಕಡೆ. ಮೊದಲ ಗುದ್ದಲಿ ಅವನ ಬಾಗಿಲ ಮುಂದೆಯೇ ಬಿತ್ತು.

ಬೀದಿಯವರೆಲ್ಲ ಒಟ್ಟಿಗೆ ಮಾತಾಡಿದರು. ಉತ್ತರದ ಸಾಲು ಒಡೆಯಬೇಕಿತ್ತಲ್ಲ, ದಕ್ಷಿಣಕ್ಕೆ ಯಾಕೆ ಬಂದಿರಿ, ನಕ್ಷೆಯಲ್ಲಿ ಹಾಗಿಲ್ಲವಲ್ಲ ಎಂದು ಕ್ಷೌರದವನು ನ್ಯಾಯ ಕೇಳಿದ. ಇಂಜಿನಿಯರಮ್ಮ ಯಾರ ಮಾತೂ ತಿಳಿಯದೆ ನೇರ ಹಲಗೆಯ ಹತ್ತಿರ ಹೋದಳು. ನೋಡಿದಳು. ಕಾಗದದ ಕೆಳಗಿನ ಅಂಚನ್ನು ಹಿಡಿದು, ಗೋಡೆಗೆ ಒತ್ತಿಕೊಂಡಿದ್ದ ಮಡಿಕೆಯನ್ನು ಹೊರಗೆಳೆದಳು.

"ಅಯ್ಯೋ, ಇದನ್ನೇ ಮಡಿಸಿಬಿಟ್ಟಿದ್ದಾನೆ. ನಕ್ಷೆ ಕೈಗೆ ಬಂದ್ರೆ ಮೊದಲು ಹೆಸರು ಓದ್ಬೇಕು. ಇಲ್ಲಿ ನೋಡಿ, 'ಮನೆ ಮನೆಗೆ ಕುಡಿಯುವ ನೀರು'. ಮನುಷ್ಯರ ಹೆಸರು ಕೇಳದೆ ಮಾತಾಡ್ತೀವಾ? ಹಾಗೇ ಇದು. ಆಮೇಲೆ ದಿಕ್ಕು. ಮೂಲೇಲಿ ಬಾಣ ಇದೆಯಲ್ಲ, ಅದು ತೋರಿಸೋ ಕಡೆ ಉತ್ತರ. ಈ ನಕ್ಷೇಲಿ ಬಾಣ ಕೆಳಕ್ಕಿದೆ, ಹಾಗಾಗಿ ಮೇಲಿರೋದು ದಕ್ಷಿಣದ ಸಾಲು. ಇದು ಅಳತೆಪಟ್ಟಿ. ಕಾಗದದ ಮೇಲಿನ ಇಷ್ಟು, ನೆಲದ ಮೇಲೆ ಎಷ್ಟು ಅಂತ ಇದು ಹೇಳುತ್ತೆ. ಕೊನೇಲಿ ಚಿಹ್ನೆಗಳ ವಿವರ. ಯಾವ ಗುರುತಿಗೆ ಏನರ್ಥ ಅನ್ನೋದು ನಕ್ಷೆ ಬರೆದೋರಿಗೆ ಬಿಟ್ಟಿದ್ದು, ನಾವು ಊಹೆ ಮಾಡೋ ಹಾಗಿಲ್ಲ."

"ಒಡೆದ ಗೆರೆ?" ಎಂದ ದರ್ಜಿ. ಅವನು ಹೊಸ್ತಿಲಿನಿಂದ ಎದ್ದು ಬಂದಿದ್ದ.

"ಇನ್ನೂ ಹಾಕದೇ ಇರೋ ಕೊಳವೆ. ಹಾಕಬೇಕಾದ್ದನ್ನ ತುಂಡು ಗೆರೇಲಿ ತೋರಿಸ್ತೀವಿ. ಹಾಕಿದ ಮೇಲೆ ತುಂಡಿಲ್ಲದ ಗೆರೆ. ದೊಡ್ಡ ಕೊಳವೆ ಆ ಸಾಲಿನ ಮುಂದೆ ಬರುತ್ತೆ, ಅಲ್ಲಿಂದ ಎರಡೂ ಕಡೆ ಎಲ್ಲಾ ಮನೆಗೂ ನಲ್ಲಿ. ನೀರು ಹೊರೋದು ತಪ್ಪುತ್ತೆ ನಿಮಗೆ."

ಮೊದಲು ಇಸ್ತ್ರಿಯವಳು ನಕ್ಕಳು. ಆಮೇಲೆ ಕ್ಷೌರದವನು. ದರ್ಜಿಯ ಹೆಂಡತಿ ಬರಿಯ ಸೂರಿನತ್ತ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಬೀದಿ ತುಂಬ ಹರಡಿ, ಕೊನೆಯ ಮನೆಯವರೆಗೂ ಹೋಗಿ, ಅಲ್ಲಿ ನಿಂತುಬಿಟ್ಟಿತು. ಆ ಮನೆಯ ಬಾಗಿಲಲ್ಲಿ ಬೇಕರಿಯವನ ಹೆಂಡತಿ ಕುಳಿತು ಬ್ರೆಡ್ಡಿನ ತಗಡು ಉಜ್ಜುತ್ತಿದ್ದಳು. ಯಾರೂ ನಕ್ಷೆಯಪ್ಪನ ಕಡೆ ನೋಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲ ಮುಂದಿನ ಅಗೆತದ ಮಣ್ಣಿನ ಗುಡ್ಡೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ," ಎಂದಳು ಮೆಲ್ಲಗೆ, "ದಿಕ್ಕೊಂದು ಸರಿಯಿದ್ದಿದ್ರೆ, ನೀವು ಓದಿದ ಲೆಕ್ಕದಲ್ಲೂ ಒಡೀಬೇಕಾಗಿದ್ದು ನಮ್ಮ ಮನೇನೇ." ಚುಚ್ಚುವುದಕ್ಕೆ ಅಂದದ್ದಲ್ಲ. ಅವಳಿಗೆ ಆಗ ತಾನೇ ಹೊಳೆದಿತ್ತು, ಅಷ್ಟೇ.

ನಕ್ಷೆಯಪ್ಪ ಬೇಕರಿಯವನ ಹತ್ತಿರ ಹೋಗಿ ಕೈ ಮುಗಿದ. ಬೇಕರಿಯವನು ಕೆಟ್ಟವನಲ್ಲ, ಆದರೆ ದಡ್ಡನೂ ಅಲ್ಲ. "ಒಡೆಯೋ ಮನೆ ಅಂತ ನೀವೇ ಹೇಳಿ, ನೀವೇ ಸಹಿ ಹಾಕಿ ಕೊಟ್ರಿ. ಒಡೆದಿದ್ರೆ ನಷ್ಟ ನಂದಾಗಿರ್ತಿತ್ತು ಅಲ್ವಾ? ಆಗ ನೀವು ಬಂದು ಕೈ ಮುಗೀತಿದ್ರಾ?" ಎಂದ. ಹೆಂಡತಿ ಮಕ್ಕಳನ್ನು ಕರೆತಂದು ಸಂಸಾರ ಹೂಡಿಯಾಗಿತ್ತು. ಹೋಗುವಾಗ ಒಂದು ಬ್ರೆಡ್ಡು ಕಟ್ಟಿ ಕೈಗಿಟ್ಟ. ಬೇಡವೆನ್ನಲೂ ನಕ್ಷೆಯಪ್ಪನಿಗೆ ಧೈರ್ಯವಾಗಲಿಲ್ಲ.

ಜನ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ. ಕ್ಷೌರದವನು ಕತ್ತಿ ಗಂಟಲ ಮೇಲಿದ್ದಾಗಲೂ ಒಂದು ಮಾತು ಆಡಲಿಲ್ಲ. ದರ್ಜಿ ಹೆಂಚು ಹೊದೆಸಿಕೊಳ್ಳಲು ಅವನನ್ನೇ ಏಣಿ ಹಿಡಿಯಲು ಕರೆದ. ನಕ್ಷೆಯಪ್ಪ ದಿನಾ ಹಲಗೆಯ ಮುಂದೆ ಹೋಗಿ ನಿಲ್ಲತೊಡಗಿದ. ಹೆಸರು, ಬಾಣ, ಅಳತೆಪಟ್ಟಿ, ಗುರುತುಗಳು, ಎಲ್ಲವನ್ನೂ ಬೆರಳಿಟ್ಟು ಓದುತ್ತಿದ್ದ. ಹೀಗೆ, ನಕ್ಷೆಗಳ ನಡುವೆ ತಲೆ ಬೆಳ್ಳಗಾಗಿಸಿಕೊಂಡ ಮನುಷ್ಯನಿಗೆ ಬೀದಿಯ ಹಲಗೆಯ ಮುಂದೆ ನಕ್ಷೆ ಓದಲು ಬಂತು.

"ಹೋಗಿ ಕರ್ಕೊಂಡು ಬನ್ನಿ" ಎಂದಳು ಹೆಂಡತಿ. "ಎಲ್ಲಾ ಹೇಳಿಬಿಡಿ. ನಮ್ಮ ಜೊತೇಲಿರಲಿ."

ಹೊರಡಲು ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಗಲೇ ಸುದ್ದಿ ಬಂತು. ಆ ಊರಿನಲ್ಲಿ ಬಾವಿಯಿಂದ ನೀರು ತರುವಾಗ ಅಕ್ಕ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು.

ಅವನು ಹೋದಾಗ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದಳು. ಇನ್ನು ಅಲುಗಾಡಿಸುವ ಹಾಗಿಲ್ಲ, ಪ್ರಯಾಣದ ಮಾತಂತೂ ಬೇಡವೇ ಬೇಡ ಎಂದು ವೈದ್ಯರು ಹೇಳಿದ್ದರಂತೆ. ಕೋಣೆಯಲ್ಲಿ ಅಕ್ಕಪಕ್ಕದ ಹೆಂಗಸರು ಇಬ್ಬರು ಕುಳಿತಿದ್ದರು. ತಮ್ಮನನ್ನು ಕಂಡದ್ದೇ ಅಕ್ಕನ ಮುಖ ಅರಳಿತು.

"ಬಂದನಲ್ಲ! ಹೇಳ್ತಿದ್ದೆನಲ್ಲ, ಇವನೇ ನೋಡಿ. ಎಲ್ಲರೂ ಕಣ್ಣು ಬಾಯಿ ಬಿಟ್ಕೊಂಡು ನಿಂತಿದ್ರು, ಇವನು ಒಂದೇ ಸಲ ನೋಡಿ ಹೇಳಿಬಿಟ್ಟ. ಅವತ್ತು ಇವನು ಹೇಳ್ದೇ ಇದ್ದಿದ್ರೆ ನಾನೀಗ ಗೋಡೆ ಕೆಳಗಿರ್ತಿದ್ದೆ."

ಹೆಂಗಸರು ಅವನನ್ನು ಭಕ್ತಿಯಿಂದ ನೋಡಿ, ಜಾಗ ಬಿಟ್ಟು ಎದ್ದು ಹೋದರು. ನಕ್ಷೆಯಪ್ಪ ಮಂಚದ ಅಂಚಿನಲ್ಲಿ ಕುಳಿತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಬಾಯಿಗೆ ತಂದುಕೊಂಡ. "ಅಕ್ಕ, ನಿನ್ನ ಮನೆ..."

"ತಡಿ. ನಾನೇ ಹೇಳ್ತೀನಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಇಲ್ಲಿ ಇವರೆಲ್ಲ ಚೆನ್ನಾಗೇ ನೋಡ್ಕೋತಾರೆ ಕಣೋ. ಆದ್ರೂ ಬೇರೆಯವರ ಮನೆ. ದಿನಾ ಬೆಳಿಗ್ಗೆ ಎದ್ದ ತಕ್ಷಣ, ಎದ್ದು ಹೋಗಿಬಿಡೋಣ ಅನ್ಸುತ್ತೆ. ಆಮೇಲೆ ನನಗೆ ನಾನೇ ಹೇಳ್ಕೋತೀನಿ, ಎಲ್ಲಿಗೆ ಹೋಗ್ತೀಯೇ, ಅದು ಬಿದ್ದುಹೋಗಿದೆ ಅಂತ. ಹಾಗಂದ್ಕೊಂಡ್ರೆ ಸಮಾಧಾನ ಆಗುತ್ತೆ. ಅದೇನಾದ್ರೂ ಹಾಗೇ ನಿಂತಿದ್ದು, ನಾನು ಇಲ್ಲಿ ಬಂದು ಸೊಂಟ ಮುರ್ಕೊಂಡು ಬಿದ್ದಿದ್ದೀನಿ ಅಂದ್ರೆ, ನಾನು ತಡ್ಕೊಳ್ತಿದ್ನೇನೋ?" ಅವನ ಕೈ ಬಿಡದೆಯೇ ಕೇಳಿದಳು. "ಬಿತ್ತಾ?"

ಈ ಸಲ ನಕ್ಷೆಯಪ್ಪ ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಬಿತ್ತು ಅಕ್ಕ."

"ಯಾವ ಗೋಡೆ ಮೊದಲು?"

"ಅಡುಗೆ ಮನೇದು."

"ಅದು ಬೀಳೋದಿಲ್ಲ, ನಿಮ್ಮ ಭಾವ ಅದಕ್ಕೆ ಎರಡು ಸಲ ಗಾರೆ ಹಾಕಿದ್ರು!"

"ಸುಲಭಕ್ಕೆ ಬೀಳಲಿಲ್ಲ" ಎಂದ ನಕ್ಷೆಯಪ್ಪ. "ಆಳುಗಳಿಗೆ ಬೆವರು ಇಳೀತು. ಒಂದು ಹಾರೆ ಬಗ್ಗಿಹೋಯ್ತು. ಇದನ್ನ ಕಟ್ಟಿದವನು ಯಾರಪ್ಪಾ ಅಂತ ಕೇಳಿದ್ರು."

"ಕೇಳಿದ್ರಾ?" ಅವಳ ಕಣ್ಣು ತುಂಬಿತು. "ನೀನು ಹೇಳಿದೆಯಾ?"

"ಹೇಳಿದೆ."

ಹೀಗೆ ಅಂದು ಮಧ್ಯಾಹ್ನ ಪೂರ್ತಿ ಕುಳಿತು ಅವನು ಅಕ್ಕನ ಮನೆಯನ್ನು ಬಾಯಿಂದಲೇ ಒಡೆದ. ಅವಳು ಒಂದು ಕಿಟಕಿಯನ್ನೂ ಬಿಡದೆ ಕೇಳಿದಳು. ಅವನು ಒಂದು ಇಟ್ಟಿಗೆಯನ್ನೂ ಬಿಡದೆ ಕೆಡವಿದ. ಸೂರು ಇಳಿದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು, ಅವನೂ ಅತ್ತ. ಟೀ ತಂದ ಭಾವನ ತಮ್ಮನ ಮಗಳು, "ಅಳಬೇಡಿ ಮಾವ, ಹೋಗಿದ್ದು ಹೋಯ್ತು" ಎಂದು ಅವನಿಗೂ ಸಮಾಧಾನ ಹೇಳಿದಳು.

ಆಮೇಲಿಂದ ಅವನು ಆಗಾಗ ಹೋಗಿ ಬರುತ್ತಿದ್ದ. ಇವನ ಬೀದಿಯಲ್ಲಿ ಮನೆ ಮನೆಗೂ ನಲ್ಲಿ ಬಂತು. ಅಕ್ಕನಿಗೆ ಮಾತ್ರ ರಸ್ತೆ ಬಂತು. ಅಗಲವಾಯ್ತಾ ಎಂದಳು, ಆಯ್ತು ಎಂದ. ಬಸ್ಸು ಓಡುತ್ತಾ ಎಂದಳು, ಓಡುತ್ತೆ ಎಂದ. ಒಂದು ಸಲ ಅವಳು ತುಂಬ ಸೊರಗಿದ್ದಳು. "ನನಗೆ ಅದು ಹೇಗಾಗಿದೆ ಅಂತ ನೋಡ್ಬೇಕು ಕಣೋ. ಒಂದು ನಕ್ಷೆ ಬರೆದುಕೊಡು. ನಿನಗೇನು ಕಷ್ಟ?" ಎಂದಳು.

ಅವನು ಬರೆದ. ಮೇಲೆ ಹೆಸರು ಬರೆದ. ಮೂಲೆಯಲ್ಲಿ ಉತ್ತರದ ಬಾಣ ಹಾಕಿದ. ಅಳತೆಪಟ್ಟಿ ಎಳೆದ, ಗುರುತುಗಳ ವಿವರ ಕೊಟ್ಟ. ತುಂಡಿಲ್ಲದ ಗೆರೆಗಳಲ್ಲಿ ಅಗಲವಾದ ರಸ್ತೆ ಎಳೆದು, ಎರಡೂ ಬದಿ ಮರ ನಿಲ್ಲಿಸಿದ. ಅವನ ಜೀವನದಲ್ಲಿ ಅವನು ಬರೆದ ಮೊದಲ ನಕ್ಷೆ ಅದು. ಹುಡುಕಿದರೂ ಅದರಲ್ಲಿ ಒಂದು ತಪ್ಪು ಸಿಗುತ್ತಿರಲಿಲ್ಲ. ಅಂಥ ರಸ್ತೆ ಮಾತ್ರ ಎಲ್ಲಿಯೂ ಇರಲಿಲ್ಲ.

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದ್ರಲ್ಲಿ ನಾನಿರೋ ಈ ಊರು ಎಲ್ಲಿ?"

"ಅದು ಈ ಹಾಳೇಲಿ ಹಿಡಿಯಲ್ಲ ಅಕ್ಕ."

"ಹಾಗಾದ್ರೆ ಇನ್ನೊಂದು ಹಾಳೆ ಅಂಟಿಸು."

ಅವನು ಇನ್ನೊಂದು ಹಾಳೆ, ಅಂಟು ತರಿಸಿದ. ಈ ಹಾಳೆಯಲ್ಲಿ ಒಂದೂ ಸುಳ್ಳು ಬರೆಯಲಿಲ್ಲ. ಅವಳು ಮಲಗಿದ ಮನೆ, ಹೊರಗಿನ ಓಣಿ, ಬಸ್ಸು ನಿಲ್ಲುವ ಮರ, ಹೊಳೆ, ಸೇತುವೆ, ತಿರುವುಗಳು, ಎಲ್ಲವೂ ಇದ್ದ ಹಾಗೇ. ಎರಡು ಹಾಳೆಗಳ ಅಂಚು ಕೂಡಿಸಿ, ಎರಡು ದಾರಿಗಳೂ ಒಂದಕ್ಕೊಂದು ಸರಿಯಾಗಿ ಸೇರುವಂತೆ ಅಂಟಿಸಿ, ಅಕ್ಕನ ಎದೆಯ ಮೇಲೆ ಹರಡಿ ಹಿಡಿದ.

ಅಕ್ಕ ಬೆರಳು ಇಟ್ಟಳು. "ಇಲ್ಲಿಂದ ಹೊರಟೆ. ಬಸ್ಸು ಹತ್ತಿದೆ. ಇದು ಸೇತುವೇನಾ? ಸೇತುವೆ ದಾಟಿದೆ." ಬೆರಳು ಮೆಲ್ಲಗೆ, ನಡುನಡುವೆ ನಿಂತು ನಿಂತು ಹೋಯಿತು. ಅಂಟಿನ ಗೆರೆ ದಾಟಿತು. ನಕ್ಷೆಯಪ್ಪನ ಅಗಲವಾದ ರಸ್ತೆಗೆ ಇಳಿಯಿತು. ರಸ್ತೆಯ ಕೊನೆಗೆ, ಬಿಳಿಯಾಗಿ ಬಿಟ್ಟಿದ್ದ ಕಡೆ ಬಂದು ನಿಂತಿತು.

"ಇಲ್ಲೇ ಅಲ್ವಾ ಇದ್ದದ್ದು?"

"ಅಲ್ಲೇ ಅಕ್ಕ."

"ಸುಸ್ತಾಯ್ತು ಕಣೋ. ಒಂಚೂರು ಇಲ್ಲೇ ಕೂತ್ಕೋತೀನಿ." ಬೆರಳು ಎತ್ತದೆಯೇ ಕಣ್ಣು ಮುಚ್ಚಿದಳು. ಆಮೇಲೆ ಏನೋ ನೆನಪಾಗಿ ಮತ್ತೆ ತೆರೆದಳು. "ನಡು ರಸ್ತೇಲಿ ಕೂತ್ರೆ ಬಸ್ಸು ಬರಲ್ವೇನೋ?"

"ಬರಲ್ಲ ಅಕ್ಕ," ಎಂದ ನಕ್ಷೆಯಪ್ಪ, ಹಾಳೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. "ನೀನು ಕೂತ್ಕೋ."